ಮೊಮ್ಮಗನೆಂಬ ಇಂಟರ್‌ಫೇಸು: ಸೇಲಂ–ಧರ್ಮಪುರಿ ಸೀಮೆಯ ಒಂದು ಮೌಲ್ಯಮಾಪನ

ತಂತ್ರಾಂಶವೊಂದು ಬಳಸುವವರಿಗೆ ತೋರುವ ಮುಖಕ್ಕೆ, ಅಂದರೆ ತೆರೆ, ಗುಂಡಿ, ಪಟ್ಟಿ, ಸೂಚನೆಗಳ ಸಮೂಹಕ್ಕೆ, ಇಂಟರ್‌ಫೇಸ್ ಎಂದು ಹೆಸರು. ಅದನ್ನು ಅಳೆಯಲು ಐಎಸ್‌ಒ 9241 ಮಾನಕದ 11ನೆಯ ಭಾಗವು (1998, ಪರಿಷ್ಕರಣೆ 2018) ಮೂರು ಅಳತೆಗೋಲುಗಳನ್ನು ವಿಧಿಸಿದೆ: ಹಿಡಿದ ಕೆಲಸ ಕೈಗೂಡಿತೇ ಎಂಬ ಫಲಸಿದ್ಧಿ, ಎಷ್ಟು ಶ್ರಮದಲ್ಲಿ ಕೈಗೂಡಿತು ಎಂಬ ದಕ್ಷತೆ, ಮಾಡಿದವರಿಗೆ ಸಮಾಧಾನವಾಯಿತೇ ಎಂಬ ತೃಪ್ತಿ. ಪೂರ್ವಸೂರಿಗಳು ಈ ಮೂರನ್ನೂ ಗಾಜಿನ ಮೇಲೆಯೇ ಹುಡುಕಿದರು. ಆದರೆ ಸೇಲಂ ನಗರದ ದೇವಾಂಗ ನೇಕಾರರ ಮನೆಗಳಲ್ಲಿಯೂ, ಹಿಂದೆ ಅದೇ ಜಿಲ್ಲೆಗೆ ಸೇರಿದ್ದ ಧರ್ಮಪುರಿ ಸೀಮೆಯ ಕನ್ನಡ ಹಳ್ಳಿಗಳಲ್ಲಿಯೂ ಹಣ ಪಾವತಿಯ ಆ್ಯಪು ನಡೆಯುವ ಬಗೆಯನ್ನು ನೋಡಿದರೆ, ಅಲ್ಲಿನ ಇಂಟರ್‌ಫೇಸು ಗಾಜಿನ ಈಚೆಗೆ ನಿಂತಿದ್ದು ಅದಕ್ಕೆ ಮೊಮ್ಮಗನೆಂದು ಹೆಸರಿರುವುದು ಸಿದ್ಧವಾಗುತ್ತದೆ.

ಮೊದಲ ಪ್ರಮಾಣ ‘ಭಾಷೆ ಆರಿಸಿ’ ಎಂಬ ಹೆಬ್ಬಾಗಿಲಿನಲ್ಲಿಯೇ ದೊರೆಯುತ್ತದೆ. ಆಡುವ ಭಾಷೆಯೇ ಓದುವ ಭಾಷೆ ಎಂಬುದು ಈ ಬಾಗಿಲನ್ನು ಕಟ್ಟಿದವರ ಸಿದ್ಧಾಂತ. ಈ ಮನೆಗಳಲ್ಲಿ ಆಡುವುದು ಕನ್ನಡ, ಶಾಲೆಯಲ್ಲಿ ಕಲಿತದ್ದು ತಮಿಳು ಅಕ್ಷರ. ಕನ್ನಡವನ್ನು ಆರಿಸಿದ ಅಜ್ಜಿಗೆ ಅಕ್ಷರ ತಿಳಿಯುವುದಿಲ್ಲ. ಯಾರಾದರೂ ಓದಿ ಹೇಳಿದರೂ ‘ದೃಢೀಕರಣ ವಿಫಲವಾಗಿದೆ’ ಎಂಬುದು ತಾನು ಹುಟ್ಟಿದಾರಭ್ಯ ಆಡಿದ ಭಾಷೆಯೆಂದು ಆಕೆ ನಂಬುವುದಿಲ್ಲ. ತಮಿಳನ್ನು ಆರಿಸಿದರೆ ಅಕ್ಷರಗಳೆಲ್ಲ ಪರಿಚಿತವಾಗಿದ್ದು ಅರ್ಥ ಮಾತ್ರ ಕಚೇರಿಯಲ್ಲಿಯೇ ಉಳಿಯುತ್ತದೆ. ಆದಕಾರಣ ಯಾರಿಗೂ ಪಕ್ಷಪಾತವಾಗದ ಇಂಗ್ಲಿಷಿನ ಮೇಲೆ ಬೆರಳಿಟ್ಟು, ಫೋನನ್ನು ಮೊಮ್ಮಗನ ಕೈಗೆ ಕೊಡುವುದು ಶಿಷ್ಟ ಸಂಪ್ರದಾಯವಾಗಿದೆ.

ಇಂಟರ್‌ಫೇಸು ಹೇಗಿರಬೇಕೆಂದು ಬಳಕೆಯೋಗ್ಯತೆಯ ತಜ್ಞ ಯಾಕೋಬ್ ನೀಲ್ಸನ್ 1994ರಲ್ಲಿ ಪರಿಷ್ಕರಿಸಿದ ಹತ್ತು ಸೂತ್ರಗಳಲ್ಲಿ, ಆ್ಯಪಿನ ಲೋಕವು ಬಳಸುವವರ ಲೋಕಕ್ಕೆ ಹೊಂದಬೇಕು ಎಂಬುದೊಂದು. ಇದೇ ಸೀಮೆಯ ಡೆಂಕಣಿಕೋಟೆಯ ಹಿರಿಯರೊಬ್ಬರು 1950ರಲ್ಲಿ ಹುಟ್ಟಿದರೆಂದು ಭಾವಿಸಿದರೆ, 1965ರ ಅಕ್ಟೋಬರ್ 2ರವರೆಗೆ ಅವರು ಸೇಲಂ ಜಿಲ್ಲೆಯವರು, 2004ರ ಫೆಬ್ರವರಿ 9ರವರೆಗೆ ಧರ್ಮಪುರಿಯವರು, ಅಂದಿನಿಂದ ಕೃಷ್ಣಗಿರಿಯವರು. ಅವರು ಹೊಸ್ತಿಲು ದಾಟಲಿಲ್ಲ. ಜಿಲ್ಲೆಗಳೇ ಒಂದೊಂದಾಗಿ ಮನೆಯ ಮುಂದೆ ಹಾದುಹೋದವು. ಆ್ಯಪೊಂದು ‘ಹುಟ್ಟಿದ ಜಿಲ್ಲೆ’ ಕೇಳಿದರೆ, ಪಟ್ಟಿಯಲ್ಲಿ ಅವರು ಯಾವುದನ್ನು ಒತ್ತಿದರೂ ಪೆಟ್ಟಿಗೆಯಲ್ಲಿರುವ ಒಂದಲ್ಲ ಒಂದು ಕಾಗದ ಅದನ್ನು ಅಲ್ಲಗಳೆಯುತ್ತದೆ.

ತಪ್ಪಾದಾಗ ಏನು ತಪ್ಪಾಯಿತೆಂದು ಸರಳವಾಗಿ ತಿಳಿಸಬೇಕು ಎಂಬುದು ಇನ್ನೊಂದು ಸೂತ್ರ. ಮಗ್ಗದಲ್ಲಿ ಹಾಸಿನ ಎಳೆ ಕಡಿದರೆ ಕಡಿದ ಜಾಗ ನೇಕಾರನ ಕಣ್ಣಿಗೆ ಬೀಳುತ್ತದೆ. ಆ್ಯಪಾದರೋ ‘ಏನೋ ತಪ್ಪಾಗಿದೆ, ಸ್ವಲ್ಪ ಸಮಯದ ನಂತರ ಪ್ರಯತ್ನಿಸಿ’ ಎನ್ನುತ್ತದೆ. ಈ ‘ಸ್ವಲ್ಪ ಸಮಯ’ದ ಪ್ರಮಾಣವನ್ನು ಶಾಸ್ತ್ರಗ್ರಂಥಗಳು ಹೇಳದಿದ್ದರೂ, ಶಾಲೆ ಬಿಡುವವರೆಗೆ ಎಂದು ಅರ್ಥೈಸುವುದರಲ್ಲಿ ಬಾಧಕವಿಲ್ಲ.

ಪರೀಕ್ಷಾವಿಧಾನದ ವಿಚಾರದಲ್ಲಿ, ಐವರು ಬಳಸಿ ನೋಡಿದರೆ ನೂರಕ್ಕೆ ಸುಮಾರು 85 ದೋಷಗಳು ಹೊರಬೀಳುತ್ತವೆ ಎಂಬ ನೀಲ್ಸನ್ನರ ಮತ ಪ್ರಸಿದ್ಧವಾಗಿದೆ. ಇಲ್ಲಿ ಐವರನ್ನು ಕಲೆಹಾಕುವ ಶ್ರಮವಿಲ್ಲ; ಫೋನಿನ ಒಡತಿ, ಮೊಮ್ಮಗ, ಅವನನ್ನು ತಿದ್ದುವ ಅವನ ಅಕ್ಕ, ಹಣಕ್ಕಾಗಿ ಕಾಯುವ ಅಂಗಡಿಯವನು, ಸುಮ್ಮನೆ ನಿಂತು ಸಲಹೆ ಕೊಡುವ ದಾರಿಹೋಕ, ಹೀಗೆ ಒಂದೇ ಪಾವತಿಯಲ್ಲಿ ಮಾದರಿ ಪೂರ್ಣವಾಗುತ್ತದೆ. ತೃಪ್ತಿಯನ್ನು ಅಳೆಯಲು ಜಾನ್ ಬ್ರೂಕ್ 1986ರಲ್ಲಿ ರಚಿಸಿದ ಹತ್ತು ಹೇಳಿಕೆಗಳಿವೆ. ಬೆಸಸಂಖ್ಯೆಯವು ಹೊಗಳಿಕೆ, ಸಮಸಂಖ್ಯೆಯವು ದೂರು. ಪ್ರತಿಯೊಂದಕ್ಕೂ ಒಪ್ಪಿಗೆಯ ಪ್ರಮಾಣವನ್ನು 1ರಿಂದ 5ರವರೆಗೆ ಸೂಚಿಸಬೇಕು. ಹೊಗಳಿಕೆಗೆ ಬಂದ ಅಂಕದಿಂದ 1ನ್ನು ಕಳೆದು, ದೂರಿಗೆ ಬಂದ ಅಂಕವನ್ನು 5ರಿಂದ ಕಳೆದು, ಮೊತ್ತವನ್ನು 2.5ರಿಂದ ಗುಣಿಸಬೇಕು. ಮನೆಗೆ ಬಂದವರ ಮಾತು ತೆಗೆದುಹಾಕಬಾರದೆಂಬ ಮರ್ಯಾದೆಯಿಂದ ಅಜ್ಜಿಯು ಹತ್ತಕ್ಕೂ ‘ಹೌದಪ್ಪಾ’ ಎಂದು 5 ಕೊಟ್ಟರೆ ಫಲ 50. ಸಿಡುಕಿನ ತಾತ ಹತ್ತಕ್ಕೂ ‘ಇಲ್ಲ, ಹೋಗು’ ಎಂದು 1 ಕೊಟ್ಟರೂ ಫಲ 50. ಸೌಜನ್ಯಕ್ಕೂ ಸಿಡುಕಿಗೂ ಭೇದವೆಣಿಸದ ಈ ಸಮದೃಷ್ಟಿಯು ವಿಜ್ಞಾನಕ್ಕೆ ಭೂಷಣವೇ ಸರಿ.

ಮೊಮ್ಮಗನೆಂಬ ಇಂಟರ್‌ಫೇಸಿನಲ್ಲಿಯೂ ದೋಷಗಳಿವೆ. ಅದು ಶಾಲಾವೇಳೆಯಲ್ಲಿ ದೊರೆಯದು. ಪ್ರತಿ ಪಾವತಿಗೂ ತಿಂಡಿಯ ರೂಪದಲ್ಲಿ ಸೇವಾಶುಲ್ಕ ವಸೂಲು ಮಾಡುತ್ತದೆ. ಯಾರಿಗೂ ಹೇಳಬಾರದ ಗುಪ್ತ ಪಿನ್ ಅದಕ್ಕಲ್ಲದೆ ಮತ್ತಾರಿಗೂ, ಖಾತೆಯ ಒಡತಿಗೂ ಸಹ, ತಿಳಿದಿರುವುದಿಲ್ಲ. ಓದು ಮುಗಿದೊಡನೆ ಅದು ಬೆಂಗಳೂರಿಗೆ ಹೊರಟುಹೋಗುತ್ತದೆ. ಆಗ ಆ ಸ್ಥಾನವನ್ನು ಬ್ಯಾಂಕಿನಿಂದ ಮಾತನಾಡುತ್ತಿರುವುದಾಗಿ ಬಹಳ ವಿನಯದಿಂದ ಹೇಳುವ ಅಪರಿಚಿತ ಧ್ವನಿಯೊಂದು ತುಂಬುವುದುಂಟು. ಅದರ ಫಲಸಿದ್ಧಿ ಪ್ರಶ್ನಾತೀತ, ದಕ್ಷತೆ ಅಸಾಧಾರಣ, ತೃಪ್ತಿಯೂ ಸಂಪೂರ್ಣ, ಆದರೆ ಆ ತೃಪ್ತಿ ಧ್ವನಿಯ ಒಡೆಯನದು. ಮಾನಕವು ತೃಪ್ತಿಯನ್ನು ಬಳಸುವವರಲ್ಲಿ ಅಳೆಯಲು ಹೇಳಿರುವುದರಿಂದ, ಈ ಸಂದರ್ಭದಲ್ಲಿ ಬಳಸಿದವರು ಯಾರು, ಬಳಕೆಯಾದವರು ಯಾರು ಎಂಬುದು ಮೊದಲು ಇತ್ಯರ್ಥವಾಗಬೇಕು.

ಇದರಿಂದ ನಿಷ್ಪನ್ನವಾಗುವ ಶಿಫಾರಸು ಒಂದೇ. ಆ್ಯಪು ಓಡಲು ಫೋನಿನಲ್ಲಿ ಎಷ್ಟು ಜಾಗ ಬೇಕು, ಯಾವ ಆಂಡ್ರಾಯ್ಡ್ ಆವೃತ್ತಿ ಬೇಕು ಎಂದು ತಯಾರಕರು ಈಗಾಗಲೇ ಪ್ರಾಮಾಣಿಕವಾಗಿ ನಮೂದಿಸುತ್ತಾರೆ. ಅದೇ ಪಟ್ಟಿಯ ಕೊನೆಗೆ ‘ಐದನೆಯ ತರಗತಿ ಮುಗಿಸಿದ ಮೊಮ್ಮಗು, ಒಂದು’ ಎಂಬ ಸಾಲನ್ನೂ ಸೇರಿಸುವುದು ಶಾಸ್ತ್ರಸಮ್ಮತ.