ಪ್ರಕಟಗೊಂಡ ಕಣಜದೊಂದಿಗೆ ಐದು ನಿಮಿಷ

ಯಳಂದೂರು ತಾಲ್ಲೂಕಿನ ಬಿಳಿಗಿರಿರಂಗನ ಬೆಟ್ಟದಲ್ಲಿ ಸಿಕ್ಕ ಕಣಜವೊಂದಕ್ಕೆ ಏಟ್ರೀ ಸಂಸ್ಥೆಯ ವಿಜ್ಞಾನಿಗಳು ‘ಸೋಲಿಗ ಎಕಾರಿನೇಟಾ’ ಎಂದು ಹೆಸರಿಟ್ಟರು. 2022ರಲ್ಲಿ ಅದು ‘ಯುರೋಪಿಯನ್ ಜರ್ನಲ್ ಆಫ್ ಟ್ಯಾಕ್ಸಾನಮಿ’ಯಲ್ಲಿ ಪ್ರಕಟವಾಯಿತು. ಎರಡು ಸಲ ವಾಪಸ್ ಬಂದ ನನ್ನ ಪ್ರಬಂಧವನ್ನು ಕಂಕುಳಲ್ಲಿಟ್ಟುಕೊಂಡು ಕಾಣಲು ಹೋದೆ.

ನಾನು: ಹೊಸ ಕುಲ ಅನ್ನಿಸಿಕೊಂಡಿದ್ದಕ್ಕೆ ಅಭಿನಂದನೆ.

ಕಣಜ: ಹೊಸದಾ? ಮುತ್ತಜ್ಜಿ ಕಾಲದಿಂದ ಇಲ್ಲೇ ಇದೀವಿ. ಜರ್ನಲ್‌ಗೆ ಹೊಸಬರು, ಅಷ್ಟೇ.

ನಾನು: ನಿಮ್ಮದನ್ನು ಯಾಕೆ ಒಪ್ಪಿದರು?

ಕಣಜ: ಹೆಣ ಇತ್ತು ಸ್ವಾಮಿ! ಯಾರು ಬೇಕಾದರೂ ಪರೀಕ್ಷಿಸಲಿ ಅಂತ ಚೀಟಿ ಅಂಟಿಸಿ ಇಟ್ಟರು. ನಂಟರಿಗಿರೋ ಏಣು ನನಗಿಲ್ಲ ಅಂತ ಪಕ್ಕಕ್ಕಿಟ್ಟು ತೋರಿಸಿದರು. ಎಕಾರಿನೇಟಾ ಅಂದರೆ ಅದೇ, ಏಣು ಇಲ್ಲದ್ದು. ನಿಮ್ಮ ಪ್ರಬಂಧದ್ದು ಹೆಣ ಎಲ್ಲಿ?

ನಾನು: ನನ್ನದು ಹನೂರಿನ ರಾಗಿ ಮತ್ತು ಕಂಸಾಳೆ ಪದಗಳ ಅಧ್ಯಯನ. ಮಣ್ಣು ವಿಜ್ಞಾನದ ಜರ್ನಲ್‌ಗೆ ಕಳಿಸಿದ್ದೆ. ಓದದೇ ತಿರುಗಿಸಿದರು.

ಕಣಜ: ಕೊಳ್ಳೇಗಾಲದಲ್ಲಿ ಹನೂರು ಬಸ್ ಹತ್ತಿ ಯಳಂದೂರಿಗೆ ಟಿಕೆಟ್ ಕೇಳಿದರೆ ಕಂಡಕ್ಟರ್ ಇಳಿಸದೆ ಮುದ್ದು ಮಾಡ್ತಾನಾ?

ನಾನು: ಇನ್ನೊಂದು ಕಡೆ ಇಬ್ಬರು ರಿವ್ಯೂವರ್ ಓದಿದರು. ಒಬ್ಬರು ರಾಗಿ ತೆಗೆಯಿರಿ ಅಂದರು, ಇನ್ನೊಬ್ಬರು ಕಂಸಾಳೆ ತೆಗೆಯಿರಿ ಅಂದರು.

ಕಣಜ: ಇಬ್ಬರೂ ಸರಿ. ರೇಷ್ಮೆ ಗೂಡಿನ ಮಾರುಕಟ್ಟೆಯಲ್ಲಿ ನೋಡಿ, ರೀಲರು ಜೋಡಿ ಗೂಡನ್ನು ಆರಿಸಿ ಎಸೀತಾನೆ. ಒಂದರಲ್ಲಿ ಎರಡು ಹುಳು ನೂತರೆ ಎಳೆ ಬಿಚ್ಚಲ್ಲ.

(ನೊಂದುಕೊಂಡೆ. ಹುಳುವಿನ ಮುಂದೆ ಅಳುವುದು ಹೇಗೆ?)

ನಾನು: ಮತ್ತೊಂದು ಜರ್ನಲ್ ಮೂರೇ ದಿನದಲ್ಲಿ ಒಪ್ಪಿತು. ಜೊತೆಗೆ ಕ್ಯೂಆರ್ ಕೋಡ್ ಇತ್ತು.

ಕಣಜ: ಓಡಿ! ನನ್ನ ಜರ್ನಲ್ ಬರೆದವರನ್ನೂ ಓದುವವರನ್ನೂ ಕಾಸು ಕೇಳಲ್ಲ. ಯುಜಿಸಿ 2018ರಲ್ಲಿ ತನ್ನದೇ ಪಟ್ಟಿಯಿಂದ 4,305 ಜರ್ನಲ್ ಕಿತ್ತುಹಾಕಿತು. ಆಮೇಲೆ ನಂಬಬಹುದಾದ ಜರ್ನಲ್‌ಗಳದ್ದು ಅಂತ ಕೇರ್ ಪಟ್ಟಿ ತಂತು, 2025ರಲ್ಲಿ ಅದನ್ನೂ ಕೈಬಿಟ್ಟಿತು. ಈಗ ನಿಮ್ಮ ಮೂಗಿಗೆ ನೀವೇ ಜವಾಬ್ದಾರಿ.

ನಾನು: ಗೈಡು ಒಂದಕ್ಷರ ಬರೆಯದಿದ್ದರೂ ಹೆಸರು ಹಾಕಬೇಕಂತೆ...

ಕಣಜ: (ರೆಕ್ಕೆ ಒದರಿ) ನಮ್ಮದು ಕಂಬಳಿಹುಳುವಿನ ಮೈಯೊಳಗೆ ಮೊಟ್ಟೆ ಇಡೋ ಬಳಗ. ನಾನು ಏನೂ ಹೇಳಲ್ಲಪ್ಪ.

ನಾನು: ಈ ಬೆಟ್ಟದ ಬುಡಕಟ್ಟು ಜನ ಸೋಲಿಗರ ಹೆಸರು ಹೊತ್ತಿದ್ದೀರಿ. ಅವರ ಮಾತನ್ನು ಜರ್ನಲ್ ಒಪ್ಪುತ್ತದಾ?

ಕಣಜ: ಕಾಡಿನ ತರಗೆಲೆಗೆ ಹಾಕೋ ಬೆಂಕಿ ನಿಲ್ಲಿಸಿದ್ದಕ್ಕೇ ಲಂಟಾನ ಕಳೆ ಹಬ್ಬಿತು ಅಂತ ಅವರು ಹೇಳ್ತಾನೇ ಇದ್ದರು. ಆಗ ಅದು ಬರೀ ಮಾತು. ಸಂಶೋಧಕರು ಕೇಳಿ ಬರೆದು 2012ರಲ್ಲಿ ‘ಹ್ಯೂಮನ್ ಇಕಾಲಜಿ’ಯಲ್ಲಿ ಬಂದ ಮೇಲೆ ದತ್ತಾಂಶ ಆಯಿತು. ಆದರೆ ಅದಕ್ಕೂ ಮೊದಲೇ, 2009ರಲ್ಲಿ, ಸೋಲಿಗರೇ ಆದ ಸಿ. ಮಾದೇಗೌಡರು ತಮ್ಮ ಜನರ ಕಾಡಿನ ತಿಳಿವಳಿಕೆ ಬಗ್ಗೆ ‘ಎಕನಾಮಿಕ್ ಅಂಡ್ ಪೊಲಿಟಿಕಲ್ ವೀಕ್ಲಿ’ಯಲ್ಲಿ ಬರೆದಿದ್ದರು, ತಮ್ಮದೇ ಹೆಸರಿನಲ್ಲಿ.