ಬ್ಯಾರನ್ ಮನೆಯ ಜಲಾಂತರ್ಗಾಮಿ

ಮನುಷ್ಯನು ಕೈಗೊಳ್ಳುವ ಸಾಹಸಗಳಲ್ಲಿ ಬಹುಪಾಲು ನೋಡುವವರಿಗಾಗಿಯೇ ನಡೆಯುವಂಥವು. ಗಾಳಿಪಟ ಹಾರಿಸುವವನು ಆಕಾಶಕ್ಕಿಂತ ಹೆಚ್ಚಾಗಿ ಪಕ್ಕದ ಮನೆಯ ಮಹಡಿಯನ್ನು ನೋಡುತ್ತಾನೆ. ನಮ್ಮ ಹುಣಸೂರಿನಲ್ಲಿ ಯಾರ ಮಗನಾದರೂ ಸಹಕಾರ ಸಂಘದ ನಿರ್ದೇಶಕನಾಗಿ ಆಯ್ಕೆಯಾದರೆ, ಆ ವಾರ್ತೆ ಅವನ ತಾಯಿಗೆ ತಲುಪುವ ಮುನ್ನವೇ ಬಸ್ ನಿಲ್ದಾಣದ ಎದುರಿನ ಫ್ಲೆಕ್ಸಿನ ಮೇಲೆ, ಕೈಮುಗಿದು ನಿಂತ ಹಿತೈಷಿಗಳ ಭಾವಚಿತ್ರಗಳ ಸಮೇತ, ಊರಿಗೆಲ್ಲ ಪ್ರಕಟವಾಗಿರುತ್ತದೆ. ಇಂಥ ಸೀಮೆಯಲ್ಲಿ ಹುಟ್ಟಿ ಬೆಳೆದವನೊಬ್ಬನು, ಪೂರ್ಣವಾಗಿ ಸಿದ್ಧಿಸಿದಾಗ ಯಾರ ಕಣ್ಣಿಗೂ ಏನೂ ಕಾಣದ ವಿದ್ಯೆಯೊಂದಕ್ಕೆ ಮನಸೋತನೆಂದರೆ, ಅದನ್ನು ಪೂರ್ವಜನ್ಮದ ವಾಸನೆಯೆಂದಲ್ಲದೆ ಬೇರೆ ಹೇಗೆ ವಿವರಿಸಬೇಕೋ ನಾನರಿಯೆ. ಆ ವಿದ್ಯೆ, ರೇಡಿಯೋ ಸಂಕೇತದಿಂದ ನಡೆಯುವ ಪುಟ್ಟ ಜಲಾಂತರ್ಗಾಮಿಯ ನಿರ್ಮಾಣ. ಮನಸೋತವನು ನನ್ನ ಹೆಂಡತಿಯ ತಮ್ಮ.

ಈ ಭಾವಮೈದುನನ ಮುಖ್ಯ ಕಸುಬು ಸುಟ್ಟುಹೋದ ಪಂಪ್‌ಸೆಟ್ಟುಗಳ ಮೋಟಾರಿಗೆ ಹೊಸದಾಗಿ ತಂತಿ ಸುತ್ತುವುದು. ಉಪಕಸುಬು, ಪಿರಿಯಾಪಟ್ಟಣದ ಕಡೆಯ ಹಳ್ಳಿಯೊಂದರಲ್ಲಿ ಹೊಗೆಸೊಪ್ಪಿನ ಬೇಸಾಯ. ಒಮ್ಮೆ ಬಂಧುಗಳೊಡನೆ ವಿಶಾಖಪಟ್ಟಣಕ್ಕೆ ಯಾತ್ರೆ ಹೋದವನು, 2001ರಲ್ಲಿ ನೌಕಾಸೇನೆಯಿಂದ ನಿವೃತ್ತವಾಗಿ ಈಗ ಕಡಲತೀರದಲ್ಲಿ ವಸ್ತುಸಂಗ್ರಹಾಲಯವಾಗಿ ನಿಂತಿರುವ ‘ಕುರ್ಸುರ’ ಎಂಬ ಜಲಾಂತರ್ಗಾಮಿಯ ಹೊಟ್ಟೆಯೊಳಗೆ ತಲೆ ತಗ್ಗಿಸಿಕೊಂಡು ಈ ಕೊನೆಯಿಂದ ಆ ಕೊನೆಗೆ ನಡೆದುಬಂದನು. ಉಳಿದವರು ಸಿಂಹಾಚಲದ ಪ್ರಸಾದದೊಡನೆ ಊರಿಗೆ ಮರಳಿದರೆ, ಇವನು ಹಣೆಯ ಮೇಲೊಂದು ಬುಗುಟನ್ನೂ ತಲೆಯ ತುಂಬ ಆ ನೌಕೆಯನ್ನೂ ಹೊತ್ತು ಮರಳಿದನು.

ನಿರ್ಮಾಣಕ್ಕೆ ಸ್ಥಳವೇನೋ ಸಿದ್ಧವಾಗಿತ್ತು. ಹೊಗೆಸೊಪ್ಪು ಬೇಯಿಸುವ ಬ್ಯಾರನ್ ಎಂಬ ಕಿಟಕಿಯಿಲ್ಲದ ಎತ್ತರದ ಗೂಡು ಜುಲೈ ತಿಂಗಳಿನಿಂದ ಕೆಲವು ಮಾಸ ಹಗಲಿರುಳೂ ಉರಿದು, ಬೇಸಗೆಯುದ್ದಕ್ಕೂ ಬರಿದಾಗಿ ಬಿದ್ದಿರುತ್ತದೆ. ಆದರೆ ಇಲ್ಲಿಯೇ ವಿಧಿಯ ಒಂದು ಕುಚೋದ್ಯವುಂಟು. ಬ್ಯಾರನ್ ಬರಿದಾಗಿರುವಾಗ ಕೆರೆಗಳೂ ಬರಿದಾಗಿರುತ್ತವೆ. ಕೆರೆಗೆ ನೀರು ಬರುವ ಹೊತ್ತಿಗೆ ಸೊಪ್ಪು ಮುರಿಯುವ ಕಾಲ ಬಂದು ಬ್ಯಾರನ್ನಿನೊಳಗೆ ಸೊಪ್ಪು ಕಟ್ಟಿದ ಕಡ್ಡಿಗಳನ್ನು ಏರಿಸಬೇಕಾಗುತ್ತದೆ. ಹೀಗಾಗಿ ಹಡಗನ್ನು ಕಟ್ಟುವ ಋತುವಿನಲ್ಲಿ ನೀರಿಲ್ಲ, ನೀರಿರುವ ಋತುವಿನಲ್ಲಿ ಹಡಗುಕಟ್ಟೆಯಿಲ್ಲ ಎಂಬ, ಜಗತ್ತಿನ ಬೇರಾವ ನೌಕಾಸೇನೆಯೂ ಎದುರಿಸಿರಲಾರದ ಸಂಕಟವನ್ನು ನಮ್ಮ ನೌಕಾಸೇನೆಯು ಆರಂಭದಲ್ಲಿಯೇ ಎದುರಿಸಿತು.

ದೇಹವೇನೋ ಸುಲಭವಾಗಿ ದೊರೆಯಿತು: ನಾಲ್ಕಿಂಚಿನ ಪಿವಿಸಿ ಕೊಳವೆ, ಅದರೊಳಗೆ ಬ್ಯಾಟರಿ, ಮೋಟಾರು ಮತ್ತು ರೇಡಿಯೋಗಳನ್ನು ಒದ್ದೆಯಾಗದಂತಿರಿಸಲು ಪಾರದರ್ಶಕವಾದ ಇನ್ನೊಂದು ಕೊಳವೆ, ಅದರ ಎರಡು ತುದಿಗಳಿಗೂ ರಬ್ಬರಿನ ಉಂಗುರ ತೊಡಿಸಿದ ಮುಚ್ಚಳ. ತೊಡಕು ಹುಟ್ಟಿದ್ದು ಪ್ರೊಪೆಲ್ಲರಿನ ಶಾಫ್ಟು ಹೊರಬರುವ ರಂಧ್ರದಲ್ಲಿ. ಶಾಫ್ಟು ಸಲೀಸಾಗಿ ತಿರುಗಬೇಕು, ಆದರೂ ಒಂದು ತೊಟ್ಟು ನೀರು ಒಳಬರಕೂಡದು. ಪಂಪಿನ ಕಸುಬಿನವರ ಧರ್ಮಶಾಸ್ತ್ರವು ಇದಕ್ಕೆ ತದ್ವಿರುದ್ಧವಾದುದು. ಅವರು ಶಾಫ್ಟಿನ ಸುತ್ತ ಗ್ಲ್ಯಾಂಡ್ ಹಗ್ಗವನ್ನು ಸುತ್ತಿ ಬಿಗಿಮಾಡುವಾಗ, ಹನಿಹನಿಯಾಗಿ ನೀರು ಸೋರುವಷ್ಟು ಸಡಿಲವನ್ನು ಬೇಕೆಂದೇ ಉಳಿಸುತ್ತಾರೆ. ಆ ಹನಿಯೇ ಶಾಫ್ಟನ್ನು ತಣ್ಣಗಿರಿಸುತ್ತದೆ, ಹನಿ ನಿಂತರೆ ಹಗ್ಗ ಸುಟ್ಟು ಶಾಫ್ಟು ಸವೆಯುತ್ತದೆ. “ಹನಿ ಬೀಳದ ಗ್ಲ್ಯಾಂಡು ಗ್ಲ್ಯಾಂಡೇ ಅಲ್ಲ” ಎಂದು ಅಷ್ಟು ವರ್ಷ ಶಿಷ್ಯರಿಗೆ ಉಪದೇಶಿಸಿದ್ದ ಮನುಷ್ಯನು, ಹಿತ್ತಾಳೆಯ ಸಣ್ಣ ನಳಿಗೆಯೊಂದಕ್ಕೆ ಗ್ರೀಸನ್ನು ಗಿಡಿದು ತುಂಬಿ, ಎರಡು ತುದಿಗಳಿಗೂ ಬುಷ್ ಬಡಿದು, ತನ್ನ ಕಸುಬಿನ ಮೂಲತತ್ತ್ವವನ್ನೇ ಖಂಡಿಸುವ ಆ ಸಾಧನವನ್ನು ನೋಡುತ್ತ ಕುಳಿತಾಗ, ಮತಾಂತರ ಹೊಂದಿದವನ ಮುಖದಲ್ಲಿ ಕಾಣುವ ವಿಷಾದ ಅವನ ಮುಖದಲ್ಲಿಯೂ ಸುಳಿಯಿತು.

ಮುಳುಗುವುದು ಸುಲಭವೆಂದು ಭಾವಿಸುವವರು ಒಮ್ಮೆ ಈ ಕೆಲಸಕ್ಕೆ ಕೈಹಾಕಬೇಕು. ಮುಳುಗಿಯೂ ತಳ ಸೇರದಿರುವುದೇ ನಿಜವಾದ ಕಷ್ಟ. ಆರ್ಕಿಮಿಡೀಸನ ನಿಯಮದಂತೆ ನೌಕೆಯು ತಾನು ಪಕ್ಕಕ್ಕೆ ಸರಿಸಿದ ನೀರಿನಷ್ಟೇ ತೂಗಬೇಕು. ಮೇಲೆ ತೇಲುವಾಗ ನೀರಿನ ಹೊರಗೆ ಕಾಣುವ ಭಾಗದ ಗಾತ್ರವೆಷ್ಟೋ ಅಷ್ಟೇ ನೀರನ್ನು ಒಳಗೆ ಕುಡಿದುಕೊಂಡರೆ ಮರೆಯಾಗುತ್ತದೆ, ಉಗುಳಿದರೆ ಮೇಲೇಳುತ್ತದೆ. ಕುಡಿಯುವ ಗಂಟಲಾಗಿ ದನಗಳಿಗೆ ಔಷಧಿ ಚುಚ್ಚುವ ದೊಡ್ಡ ಸಿರಿಂಜು ಬಂದಿತು. ಅದರ ದಟ್ಟೆಯನ್ನು ತಿರುಪಿನ ಸಲಾಕೆಯೊಂದು, ಪುಟ್ಟ ಮೋಟಾರಿನ ಬಲದಿಂದ, ಹಿಂದಕ್ಕೂ ಮುಂದಕ್ಕೂ ಎಳೆಯುತ್ತಿತ್ತು. ತೂಕ ಹೊಂದಿಸಲು, ಟೈರ್ ಅಂಗಡಿಯವರು ಕಾರಿನ ಚಕ್ರಗಳಿಗೆ ಸಿಕ್ಕಿಸುವ ಸೀಸದ ತುಂಡುಗಳನ್ನು ಕೆಳಗೂ, ಥರ್ಮೋಕೋಲಿನ ಚೂರುಗಳನ್ನು ಮೇಲೂ ಇರಿಸಿದ್ದಾಯಿತು. ಭಾರ ಕೆಳಗೂ ತೇಲುವ ಗುಣ ಮೇಲೂ ಇಲ್ಲದಿದ್ದರೆ ನೌಕೆಯು ಅಂಗಾತವಾಗಿ ಹೊಟ್ಟೆ ತೋರಿಸುತ್ತದೆ. ಈ ಸೂಕ್ಷ್ಮ ಕ್ರಿಯೆಯೆಲ್ಲ ನಡೆದುದು ಬಟ್ಟೆ ಒಗೆಯುವ ಸಿಮೆಂಟಿನ ತೊಟ್ಟಿಯಲ್ಲಿ. ಮೈದುನನ ಪತ್ನಿಯು ರಾಶಿ ಬಟ್ಟೆಯನ್ನು ಕಂಕುಳಲ್ಲಿಟ್ಟುಕೊಂಡು, “ನಿಮ್ಮ ಸಮುದ್ರ ಯಾವಾಗ ಖಾಲಿಯಾಗ್ತದೆ ಅಂತ ಸ್ವಲ್ಪ ಹೇಳಿದ್ರೆ ನಮ್ಮ ಕೆಲಸ ಮುಗೀತದೆ” ಎಂದು ಕೇಳುತ್ತಿದ್ದಳು.

ರೇಡಿಯೋವಿನ ಕಥೆ ಬೇರೆ. ಈಗ ಅಂಗಡಿಯಲ್ಲಿ ಸಿಗುವ ಸೆಟ್ಟುಗಳು 2.4 ಗಿಗಾಹರ್ಟ್ಸಿನವು, ಗಾಳಿಯಲ್ಲಿ ದೂರದೂರ ಓಡುವ ಆ ಅಲೆಗಳು ಗೇಣುದ್ದ ನೀರಿನಲ್ಲಿ ಬತ್ತಿಹೋಗುತ್ತವೆ. ಹಳೆಯ ಆಟಿಕೆ ಕಾರುಗಳ 27 ಮೆಗಾಹರ್ಟ್ಸಿನ ಸೆಟ್ಟುಗಳೇ ಇದಕ್ಕೆ ಲೇಸು. ಸಿಹಿನೀರಾದರೆ ಅವುಗಳ ಮಾತು ಆಳುದ್ದ ಕೆಳಗೂ ಕೇಳಿಸುತ್ತದೆ, ಉಪ್ಪು ಹೆಚ್ಚಿದಷ್ಟೂ ಕ್ಷೀಣಿಸುತ್ತದೆ. ಇದು ಆಟಿಕೆಯವರಿಗೆ ಮಾತ್ರವೇ ಬಂದ ಪೀಡೆಯಲ್ಲ: ಕಡಲಾಳದ ನೌಕೆಗಳೊಡನೆ ಎರಡು ಮಾತನಾಡಲು ನಮ್ಮ ನೌಕಾಸೇನೆಯು 1990ರಲ್ಲಿ ತಿರುನೆಲ್ವೇಲಿಯ ಬಳಿ ‘ಕಟ್ಟಬೊಮ್ಮನ್’ ಎಂಬ ಠಾಣೆಯನ್ನೇ ಸ್ಥಾಪಿಸಿ, ಗಗನಚುಂಬಿಯಾದ ಕಂಬಗಳಿಂದ ಅತಿ ಮಂದಗತಿಯ ಕಂಪನಗಳ ಅಲೆಗಳನ್ನು ಹೊರಡಿಸಬೇಕಾಯಿತು. ಮೈದುನನ ಠಾಣೆಯು ಗುಜರಿಯಲ್ಲಿ ಸಿಕ್ಕಿತು. ಸಂಕೇತ ತಪ್ಪಿದರೆ ಸಿರಿಂಜು ತಾನಾಗಿಯೇ ನೀರನ್ನು ಉಗುಳಿ ನೌಕೆಯನ್ನು ಮೇಲಕ್ಕೆತ್ತುವ ಏರ್ಪಾಡನ್ನೂ ಅವನು ಮಾಡಿದನು. ಅದು ಅವನ ಬುದ್ಧಿಯ ನಿಜವಾದ ಕಿರೀಟವೆಂದು ನಾನು ಈಗಲೂ ಒಪ್ಪುತ್ತೇನೆ.

ಇನ್ನು ನೀರು. ನಮ್ಮ ಸುತ್ತಲಿನ ತಾಲ್ಲೂಕುಗಳಲ್ಲಿ ನದಿಗಳಿಗೇನೂ ಬರವಿಲ್ಲ. ಆದರೆ ಹುಣಸೂರಿನ ಲಕ್ಷ್ಮಣತೀರ್ಥವು ಬೇಸಗೆಯಲ್ಲಿ ಬಂಡೆಗಳನ್ನು ತೋರಿಸಿಕೊಂಡು ಮಲಗಿರುತ್ತದೆ. ಕೃಷ್ಣರಾಜನಗರದ ಬಳಿಯ ಚುಂಚನಕಟ್ಟೆಯಲ್ಲಿ ಧುಮುಕುವ ಕಾವೇರಿಗೆ ಇಂಥ ಆಟಿಕೆಯೊಂದನ್ನು ಒಪ್ಪಿಸಿದರೆ ಅದನ್ನು ಕೆ.ಆರ್.ಎಸ್.ನಲ್ಲಿ ಹುಡುಕಬೇಕಾದೀತು. ಮೈದುನನ ಕಣ್ಣು ನೆಟ್ಟಿದ್ದು ಹೆಗ್ಗಡದೇವನಕೋಟೆಯ ಕಬಿನಿಯ ಮೇಲೆ. ಸಮುದ್ರಮಟ್ಟದಿಂದ 2284 ಅಡಿಯವರೆಗೆ ತುಂಬುವ ಆ ಜಲಾಶಯದ ಹಿನ್ನೀರು ನುಂಗಿದ ನೆಲದಲ್ಲಿ, ಪುನ್ನಾಟ ರಾಜರ ರಾಜಧಾನಿಯಾಗಿದ್ದ ಕೀರ್ತಿಪುರವೆಂಬ ಕಿತ್ತೂರೂ ಸೇರಿದೆ. ನೌಕೆಯ ಮೂತಿಗೊಂದು ಕ್ಯಾಮರಾ ಕಟ್ಟಿ ಆ ಪಟ್ಟಣದ ಬೀದಿಗಳಲ್ಲಿ ಸಂಚಾರ ಮಾಡಿಸಬೇಕೆಂಬುದು ಅವನ ಮನೋರಥ. ಅಲ್ಲಿ ಮೊಸಳೆಗಳಿವೆ, ದಂಡೆಯಲ್ಲಿ ಆನೆ ಹುಲಿಗಳಿವೆ, ಇವೆಲ್ಲಕ್ಕಿಂತ ಮಿಗಿಲಾಗಿ ಅಣೆಕಟ್ಟಿನ ನೀರಿಗೆ ತಂತಿಗಳುಳ್ಳ ಕೊಳವೆಯೊಂದನ್ನು ಬಿಡುವವನನ್ನು ಪ್ರಶ್ನಿಸಲು ಪೊಲೀಸರಿದ್ದಾರೆ, ಅವರ ಮುಂದೆ ಪುನ್ನಾಟದ ಚರಿತ್ರೆಯನ್ನು ನಿರೂಪಿಸುವ ಭಾಗ್ಯ ನನ್ನ ಪಾಲಿಗೆ ಬರುವುದು ಬೇಡ, ಎಂದು ನಾನು ಬಹಳವಾಗಿ ಬೇಡಿಕೊಂಡ ಮೇಲೆ, ಬೆಟ್ಟದಪುರದ ಸಿಡಿಲು ಮಲ್ಲಿಕಾರ್ಜುನನ ಬೆಟ್ಟ ದೂರದಲ್ಲಿ ಕಾಣುವ ಒಂದು ಊರಕೆರೆಯಲ್ಲಿ ಪರೀಕ್ಷೆಯೆಂದು ನಿಶ್ಚಯವಾಯಿತು.

ಮಳೆ ಬಂದು ಕೆರೆ ತುಂಬಿತ್ತು. ನೀರು ಹಾಲು ಕಡಿಮೆಯಾದ ಹೋಟೆಲಿನ ಚಹಾದಂತೆ ಕೆಂಪಗಿತ್ತು. ಏರಿಯ ಮೇಲೆ ಜನ ನೆರೆದರು. ಕೆರೆಯಲ್ಲಿ ಮೀನಿನ ಗುತ್ತಿಗೆ ಹಿಡಿದಿದ್ದವನು ಎಲ್ಲರಿಗಿಂತ ಮುಂಚೆ ಬಂದು, ಕೊಳವೆಯನ್ನು ಮೂಸಿನೋಡಿ, “ಇದು ಮೀನು ಹಿಡಿಯೋದಲ್ಲ ತಾನೇ ಸಾಮಿ?” ಎಂದು ಕೇಳಿ, ಅಲ್ಲವೆಂದ ಮೇಲೂ ನಂಬದೆ ನನ್ನ ಮಗ್ಗುಲಲ್ಲೇ ಕುಳಿತನು. ನೌಕೆಯು ದಡ ಬಿಟ್ಟಿತು, ಬೆನ್ನಿನ ಮೇಲಿನ ಪುಟ್ಟ ಗೋಪುರದವರೆಗೆ ಇಳಿಯಿತು, ಗೋಪುರವೂ ಇಳಿಯಿತು. ಆಮೇಲೆ ಕೆರೆಯು ಕೇವಲ ಕೆರೆಯಾಗಿ ಉಳಿಯಿತು. ಮೈದುನನ ಬೆರಳುಗಳು ಗುಂಡಿಗಳ ಮೇಲೆ ಓಡಾಡುತ್ತಿದ್ದವು. “ಈಗ ಎಡಕ್ಕೆ ತಿರುಗ್ತಾ ಇದೆ ಭಾವ, ಈಗ ಆ ಹೊಂಗೆಮರದ ಎದುರಿಗಿದೆ” ಎಂದು ಗದ್ಗದಿತನಾಗಿ ವರದಿ ಕೊಡುತ್ತಿದ್ದನು. ಏರಿಯ ಜನರು ಹೊಂಗೆಮರವನ್ನು ನೋಡಿದರು.

1898ರಲ್ಲಿ ನ್ಯೂಯಾರ್ಕಿನ ಮ್ಯಾಡಿಸನ್ ಸ್ಕ್ವೇರ್ ಗಾರ್ಡನ್ನಿನಲ್ಲಿ ನಿಕೋಲಾ ಟೆಸ್ಲಾ ತಂತಿಯಿಲ್ಲದೆ ಪುಟ್ಟ ದೋಣಿಯನ್ನು ನಡೆಸಿ ತೋರಿಸಿದಾಗ, ಇದು ಮನಃಶಕ್ತಿಯ ಚಮತ್ಕಾರವೆಂದು ಕೆಲವರು ಬೆರಗಾದರಂತೆ. ಟೆಸ್ಲಾ ಪುಣ್ಯವಂತನು, ಅವನ ದೋಣಿ ನೀರಿನ ಮೇಲಿತ್ತು. ನಮ್ಮದು ಕೆರೆಯನ್ನು ಅರ್ಧ ಸುತ್ತಿ, ಹೇಳಿದ ಜಾಗದಲ್ಲಿಯೇ ತಲೆಯೆತ್ತಿದಾಗ, ಒಬ್ಬ ಮುದುಕರು ಸಹಾನುಭೂತಿಯಿಂದ, “ಹೋಗ್ಲಿ ಬಿಡಿ, ಮುಳುಗಿದ್ದು ಮತ್ತೆ ಸಿಕ್ತಲ್ಲ” ಎಂದರು. ಹನಿ ಸೋರದ ಗ್ಲ್ಯಾಂಡಿಗೂ, ಗ್ರಾಂ ಲೆಕ್ಕದಲ್ಲಿ ಹೊಂದಿಸಿದ ಸೀಸಕ್ಕೂ ದೊರೆತ ಪುರಸ್ಕಾರ ಇಷ್ಟು.

ಈ ಅನ್ಯಾಯವನ್ನು ಸಹಿಸದೆ ಮೈದುನನು ಮುಂದಿನ ಭಾನುವಾರ, ನೌಕೆ ಎಲ್ಲಿದೆಯೆಂದು ಜನರಿಗೆ ತಿಳಿಯಲೆಂದು, ಅದರ ಬೆನ್ನಿಗೆ ನೈಲಾನ್ ದಾರ ಕಟ್ಟಿ, ದಾರದ ತುದಿಗೆ ಜಾತ್ರೆಯಲ್ಲಿ ಕೊಂಡ ಕೆಂಪು ಬೆಲೂನೊಂದನ್ನು ಬಿಗಿದನು. ನೌಕೆ ಮುಳುಗಿತು, ಬೆಲೂನು ಮಾತ್ರ ನೀರಿನ ಮೇಲೆ ಎಡಕ್ಕೂ ಬಲಕ್ಕೂ, ಗಾಳಿಗೆ ಎದುರಾಗಿಯೂ ಗಂಭೀರವಾಗಿ ಸಾಗಿತು. ಏರಿಯ ಮೇಲೆ ಹರ್ಷೋದ್ಗಾರ ಎದ್ದಿತು, ಮಕ್ಕಳು ಕುಣಿದಾಡಿದರು, ಮೀನಿನ ಗುತ್ತಿಗೆಯವನೂ ಎದ್ದುನಿಂತನು. ಅದೇ ಮುದುಕರು ಹತ್ತಿರ ಬಂದು ಮೈದುನನ ಭುಜ ತಟ್ಟಿ, “ಬೆಲೂನು ಭಾಳ ಚೆಂದಾಗಿ ಓಡ್ತದೆ ಕಣಪ್ಪ. ಕೆಳಗೆ ಆ ಪೈಪು ಯಾಕೆ ಕಟ್ಟಿದ್ದೀಯ, ಸುಮ್ನೆ ಭಾರ?” ಎಂದು ಕೇಳಿದರು. ಅವನು ಉತ್ತರ ಕೊಡಲಿಲ್ಲ. ಹಲ್ಲು ಕಚ್ಚಿಕೊಂಡು, ಬೆಲೂನನ್ನೂ ಮುಳುಗಿಸಿಯೇ ತೀರುವೆನೆಂದು ಸಿರಿಂಜಿನ ಗುಂಡಿಯನ್ನು ಒತ್ತಿಹಿಡಿದನು. ಆರ್ಕಿಮಿಡೀಸನು ಅದಕ್ಕೆ ಒಪ್ಪಲಿಲ್ಲ.