22 ಆಂಪಿಯರಿನ ವೃದ್ಧರೊಡನೆ ಒಂದು ಸಂದರ್ಶನ

ಮನೆಯ ಹಿಂಬದಿಯ ಷೆಡ್ಡಿನಲ್ಲಿ ಹಲಗೆಯೊಂದರ ಮೇಲೆ ಗೋಣಿತಾಟು ಹಾಸಿ, ಅದರ ಮೇಲೆ ನಮ್ಮ 1960ರ ಮಾರಿಸ್ ಮೈನರ್ ಕಾರಿನ ಡೈನಮೋ ಮಹಾಶಯರನ್ನು ಕುಳ್ಳಿರಿಸಿ, ಅವರ ಮಗ್ಗುಲಿಗೆ ಆ ಬೆಳಿಗ್ಗೆಯಷ್ಟೇ ಬೆಂಗಳೂರಿನ ಜೆ.ಸಿ. ರಸ್ತೆಯಿಂದ ತಂದ ಆಲ್ಟರ್ನೇಟರನ್ನು ರಟ್ಟಿನ ಪೆಟ್ಟಿಗೆಯ ಸಮೇತ ಇರಿಸಿ, ಈ ಸಂದರ್ಶನವನ್ನು ನಾನು ನಡೆಸಿದೆನು. ಹಿಂದಿನ ಭಾನುವಾರ ರಾಮನಗರದಿಂದ ಹಿಂದಿರುಗುವಾಗ ಕತ್ತಲೆಯಾಗಿ, ಕೆಂಗೇರಿಯ ಸಿಗ್ನಲ್ಲಿನಲ್ಲಿ ಗಾಡಿ ನಿಂತೊಡನೆಯೇ ಮುಂದಿನ ದೀಪಗಳೆರಡೂ ದೇವರಮನೆಯ ನಂದಾದೀಪದ ಮಟ್ಟಕ್ಕೆ ಇಳಿದು, ಡ್ಯಾಷ್‌ಬೋರ್ಡಿನ ಕೆಂಪು ದೀಪವೊಂದೇ ಉಜ್ಜ್ವಲವಾಗಿ ಬೆಳಗಿತ್ತು. ಸಾಲದುದಕ್ಕೆ ಬಾನೆಟ್ಟಿನೊಳಗಿನಿಂದ ಕರುವನ್ನು ಅಗಲಿದ ಹಸುವಿನಂಥ ಆರ್ತಸ್ವರವೂ ಹೊರಟಿತ್ತು. ವೃದ್ಧರನ್ನು ನಿವೃತ್ತಿಗೊಳಿಸುವುದೆಂದು ಅಲ್ಲಿಯೇ ನಿಶ್ಚಯಿಸಿದೆನಾದರೂ, ವಿಚಾರಣೆಯಿಲ್ಲದೆ ಯಾರನ್ನೂ ವಜಾ ಮಾಡಲಾಗದು ಎಂಬುದು ಕಚೇರಿಯಲ್ಲಿ ಆಯುಷ್ಯ ಸವೆಸಿದವನ ಬಿಡಲಾಗದ ದೌರ್ಬಲ್ಯ.

“ತಮ್ಮ ಮೇಲಿನ ಆರೋಪ ತಮಗೆ ತಿಳಿದಿರಬೇಕಷ್ಟೆ?”

“ಸಿಗ್ನಲ್ಲಿನಲ್ಲಿ ನಾನು ದುಡಿಯಲಿಲ್ಲವೆಂದು. ಅದೇ ಹೊತ್ತಿನಲ್ಲಿ ತಾವೇನು ಮಾಡುತ್ತಿದ್ದಿರಿ?”

“ಕಾಯುತ್ತಿದ್ದೆ.”

“ನಾನೂ ಅದನ್ನೇ ಮಾಡುತ್ತಿದ್ದೆ. ನಾನು ಲೂಕಾಸರ ಸಿ-40. ವೇಗ ಕೂಡಿಬಂದಾಗ ನನ್ನ ಸಾಮರ್ಥ್ಯ 22 ಆಂಪಿಯರು. ಎಂಜಿನ್ನು ಮಂದವಾಗಿ ತಿರುಗುವಾಗ ಸೊನ್ನೆಯೆಂದರೂ ತಪ್ಪಲ್ಲ. ನನ್ನನ್ನು ನಿರ್ಮಿಸಿದವರು ಮೋಟಾರುಗಾಡಿಯೆಂಬುದು ಚಲಿಸತಕ್ಕ ವಸ್ತುವೆಂದು ನಂಬಿದ್ದರು. ಬೆಂಗಳೂರನ್ನು ಅವರು ಕಂಡಿರಲಿಲ್ಲ.”

ಉತ್ತರ ಉದ್ಧಟತನದ್ದಾಗಿದ್ದರೂ ಲೆಕ್ಕಕ್ಕೆ ಇಳಿದಾಗ ನಾನೇ ಕೊಂಚ ಮೆತ್ತಗಾಗಬೇಕಾಯಿತು. ಹಳೆಯ ಬಲ್ಬುಗಳನ್ನು ಕಿತ್ತು ನಾನು ಹಾಕಿಸಿದ್ದ 60 ವ್ಯಾಟಿನ ಹ್ಯಾಲೊಜನ್ ದೀಪಗಳೆರಡಕ್ಕೆ 12 ವೋಲ್ಟಿನ ಲೆಕ್ಕದಲ್ಲಿ 10 ಆಂಪಿಯರು, ಇಗ್ನಿಷನ್ನಿಗೆ ಮೂರೋ ನಾಲ್ಕೋ, ವೈಪರಿಗೆ ಎರಡೋ ಮೂರೋ. ಗಾಡಿ ಓಡುತ್ತಿರುವವರೆಗೆ 22 ಆಂಪಿಯರಿನ ಸಂಬಳದಲ್ಲಿ ಈ ಸಂಸಾರ ಹೇಗೋ ತೂಗುತ್ತದೆ. ಗಾಡಿ ನಿಂತಾಗಲೂ ಮೊಬೈಲಿಗೆ ಚಾರ್ಜು, ಹಾಡುಪೆಟ್ಟಿಗೆಗೆ ಕರೆಂಟು, ಮಡದಿಯ ಮುಖಕ್ಕೆ ಫ್ಯಾನು ಎಂದು ವಿಸ್ತರಿಸಿದ ಸಂಸಾರಕ್ಕೆ ಮಾತ್ರ ಬ್ಯಾಟರಿಯ ಉಳಿತಾಯವನ್ನು ಕರಗಿಸದೆ ಗತ್ಯಂತರವಿಲ್ಲ.

ಪೆಟ್ಟಿಗೆಯೊಳಗಿನಿಂದ ಆಲ್ಟರ್ನೇಟರು ಕೆಮ್ಮಿತು. “ಇವರ ಮೂಲದೋಷವನ್ನೇ ಇವರು ಹೇಳಲಿಲ್ಲ. ಇವರಲ್ಲಿ ವಿದ್ಯುತ್ತು ಹುಟ್ಟುವುದು ತಿರುಗುವ ಆರ್ಮೇಚರಿನಲ್ಲಿ. ಹುಟ್ಟಿದ್ದಷ್ಟೂ ಕಮ್ಯುಟೇಟರಿನ ಮೇಲೆ ಉಜ್ಜುವ ಎರಡು ಕಾರ್ಬನ್ ಬ್ರಷ್ಷುಗಳ ಮೂಲಕವೇ ಹೊರಬರಬೇಕು. ನನ್ನಲ್ಲಿ ದುಡಿಯುವ ಸುರುಳಿ ಸ್ಥಿರ, ತಿರುಗುವುದು ಅಯಸ್ಕಾಂತ, ಬ್ರಷ್ಷಿನಲ್ಲಿ ಹರಿಯುವುದು ಆ ಅಯಸ್ಕಾಂತಕ್ಕೆ ಬೇಕಾದ ಎರಡು ಮೂರು ಆಂಪಿಯರು ಮಾತ್ರ. ಆದ್ದರಿಂದ ನನ್ನನ್ನು ಇವರಿಗಿಂತ ಬಹಳ ವೇಗವಾಗಿ ತಿರುಗಿಸಿದರೂ ಅಂಜಿಕೆಯಿಲ್ಲ, ಹಾಗಾಗಿ ನಿಂತ ಗಾಡಿಯಲ್ಲಿಯೂ ದೀಪಕ್ಕೆ ಕೊರತೆಯಿಲ್ಲ. ಮೇಲಾಗಿ ನನ್ನದು ಪರ್ಯಾಯ ವಿದ್ಯುತ್ತಿನ ವಂಶ. 1902ರಲ್ಲಿ ಶಿವನಸಮುದ್ರದಿಂದ ಕೋಲಾರದ ಚಿನ್ನದ ಗಣಿಗಳಿಗೆ ಹರಿದದ್ದು ನಮ್ಮವರೇ.”

“ವಂಶಾವಳಿ ಮುಗಿಯಿತೆ?” ಎಂದರು ವೃದ್ಧರು. “ನನ್ನ ಆರ್ಮೇಚರಿನಲ್ಲಿ ಹುಟ್ಟುವುದೂ ಪರ್ಯಾಯ ವಿದ್ಯುತ್ತೇ, ಮಗೂ. ಅದನ್ನು ನಾನು ತಾಮ್ರ ಮತ್ತು ಇದ್ದಲಿನಿಂದ ನೆಟ್ಟಗೆ ಮಾಡುತ್ತೇನೆ, ನೀನು ಸಿಲಿಕಾನ್ ಡಯೋಡುಗಳಿಂದ ಮಾಡುತ್ತೀಯೆ. ಬ್ಯಾಟರಿಯ ತಂತಿಯನ್ನು ತಿರುವುಮುರುವಾಗಿ ಜೋಡಿಸಿದರೆ ನಿನ್ನ ಡಯೋಡುಗಳು ಕ್ಷಣಾರ್ಧದಲ್ಲಿ ಭಸ್ಮ. ನನಗಾದರೋ ಫೀಲ್ಡ್ ತಂತಿಯಲ್ಲಿ ಒಂದು ಕಿಡಿ ಮುಟ್ಟಿಸಿದರೆ ಹೊಸ ದಿಕ್ಕೂ ಸಮ್ಮತವೇ. ಬ್ಯಾಟರಿ ಬರಿದಾದರೂ ನನ್ನ ಕಬ್ಬಿಣದಲ್ಲಿ ಉಳಿದಿರುವ ಅಯಸ್ಕಾಂತತ್ವದಿಂದಲೇ ನಾನು ಎಚ್ಚರಗೊಳ್ಳಬಲ್ಲೆ.”

“ತಾವು ಹುಟ್ಟಿದ ಆ 1960ರಲ್ಲಿಯೇ ಅಮೆರಿಕದಲ್ಲಿ ಕ್ರೈಸ್ಲರಿನವರು ವ್ಯಾಲಿಯಂಟ್ ಕಾರಿಗೆ ನಮ್ಮನ್ನು ಜೋಡಿಸಿದ್ದರು,” ಎಂದು ಆಲ್ಟರ್ನೇಟರು ಚುಚ್ಚಿತು. ತಾತನೆಂದು ಕರೆಯಿಸಿಕೊಳ್ಳುತ್ತಿದ್ದವರು ಸಮವಯಸ್ಕರೆಂದು ಬಯಲಾದಾಗ ಉಂಟಾಗುವ ಮುಜುಗರ ಷೆಡ್ಡಿನಲ್ಲೆಲ್ಲ ವ್ಯಾಪಿಸಿತು. ನಾನು ಮಾತು ತಪ್ಪಿಸಲು, ಏನೇ ಆದರೂ ಡೈನಮೋ ಎಂಬ ಹೆಸರನ್ನು ಸೈಕಲ್ಲಿನ ದೆಸೆಯಿಂದ ನಮ್ಮ ಹಳ್ಳಿಹಳ್ಳಿಯೂ ಬಲ್ಲುದಷ್ಟೆ ಎಂದೆನು. ಅದೇ ತಪ್ಪಾಯಿತು. ಸೈಕಲ್ಲಿನ ಗಾಲಿಗೆ ಒರಗಿ ಗುಂಯ್‌ಗುಡುತ್ತಿದ್ದ ಆ ಪುಟ್ಟ ಸೀಸೆಯೊಳಗೆ ತಿರುಗುವುದು ಅಯಸ್ಕಾಂತವೆಂದೂ, ಅದರಿಂದ ಬರುವುದು ಪರ್ಯಾಯ ವಿದ್ಯುತ್ತೆಂದೂ, ಆದುದರಿಂದ ಅದು ಡೈನಮೋ ಎಂಬ ಹೆಸರಿಟ್ಟುಕೊಂಡ ಆಲ್ಟರ್ನೇಟರೆಂದೂ ಪೆಟ್ಟಿಗೆ ವಿಜಯೋತ್ಸಾಹದಿಂದ ಘೋಷಿಸಿತು.

“ಹೆಸರು ನಮ್ಮದು, ಒಳಗಿರುವವನು ನೀನು, ಇದು ನನಗೆ ಹೊಸದಲ್ಲ,” ಎಂದರು ವೃದ್ಧರು. “ಈಗ ನನ್ನ ಆಕಾರದ ಕೊಳವೆಯೊಳಗೆ ನಿನ್ನವರನ್ನು ಅಡಗಿಸಿ ಮಾರುತ್ತಾರಲ್ಲ, ಅದರ ಮಾತೇನು? ಕಾರುಗಳ ಪ್ರದರ್ಶನಕ್ಕೆ ಹೋಗಿ ನೋಡಿ. ರೆಗ್ಯುಲೇಟರ್ ಪೆಟ್ಟಿಗೆಯ ಕರುಳನ್ನೆಲ್ಲ ತೆಗೆದು, ಖಾಲಿ ಡಬ್ಬಿಯನ್ನು ಇದ್ದಲ್ಲಿಯೇ ಪ್ರತಿಷ್ಠಾಪಿಸಿ, ಮಾಲೀಕರು ತೀರ್ಪುಗಾರರ ಮುಂದೆ ಕೈಕಟ್ಟಿ ನಿಂತು, ‘ಎಲ್ಲವೂ ಒರಿಜಿನಲ್, ಸ್ವಾಮಿ’ ಎನ್ನುತ್ತಾರೆ.”

ನಾನು ಪೆನ್ನಿನ ಮಸಿ ಒಣಗಿದಂತೆ ನಟಿಸಿದೆನು. ಅಂಥದೊಂದರ ಬೆಲೆಯನ್ನು ನಾನೂ ವಿಚಾರಿಸಿದ್ದುಂಟು.

“ಹಾಗಾದರೆ ನಾನು ಯಾರನ್ನು ಇಟ್ಟುಕೊಳ್ಳಲಿ?”

“ಆಷಾಢದ ಮಳೆಯಲ್ಲಿ, ರಾತ್ರಿಯ ಹೊತ್ತು, ಶಿರಾಡಿ ಘಾಟಿಯನ್ನು ಇಳಿಯುವವರಾದರೆ ಇವನನ್ನು ಕಟ್ಟಿಕೊಳ್ಳಿ, ಅದರಲ್ಲಿ ನನಗೆ ಅಸಮಾಧಾನವಿಲ್ಲ. ಆದರೆ ಈ ಗಾಡಿ ಪಾಸಿಟಿವ್ ಅರ್ತಿನದು, ಅಂದರೆ ಬ್ಯಾಟರಿಯ ಧನಧ್ರುವವನ್ನು ಮೈಗೆ ಕಟ್ಟಿಕೊಂಡದ್ದು; ಇವನಿಗೆ ಬೇಕಾದದ್ದು ಅದರ ವಿರುದ್ಧ. ಬ್ಯಾಟರಿ ತಿರುಗಿಸಬೇಕು, ಕಾಯಿಲಿನ ತಂತಿ ಅದಲುಬದಲಾಗಬೇಕು, ಮುಖ್ಯ ತಂತಿ ದಪ್ಪಗಾಗಬೇಕು. ಅಷ್ಟೆಲ್ಲ ಮಾಡಿ ತಾವು ಹೋಗುವುದು ಎಲ್ಲಿಗೆ? ತಿಂಗಳಿಗೊಂದು ಭಾನುವಾರ, ಬೆಳಗಿನ ಹೊತ್ತು, ಇಡ್ಲಿ ತಿನ್ನಲಿಕ್ಕೆ.”

“ಅದೆಲ್ಲ ಇರಲಿ. ಆ ಆರ್ತಸ್ವರಕ್ಕೆ ತಮ್ಮ ಸಮಜಾಯಿಷಿ?”

ವೃದ್ಧರು ತಮ್ಮನ್ನು ಹಿಂದುಮುಂದಾಗಿ ತಿರುಗಿಸುವಂತೆ ಅಪ್ಪಣೆ ಮಾಡಿದರು. ಹಿಂಬದಿಯ ಮುಚ್ಚಳದ ನಡುವೆ, ಎಣ್ಣೆಯೆಂಬರ್ಥದ ಮೂರು ಇಂಗ್ಲಿಷ್ ಅಕ್ಷರಗಳ ಮಗ್ಗುಲಿಗೆ, ಒಳಗಿನ ಬುಷ್ಷಿಗೆ ಎಣ್ಣೆ ಬಿಡಲೆಂದು ಕೊರೆದ ರಂಧ್ರವೊಂದು ಇರತಕ್ಕದ್ದು. ಅಕ್ಷರಗಳು ಇದ್ದುವು. ರಂಧ್ರವಿರಲಿಲ್ಲ. ಅದರ ಸ್ಥಾನದಲ್ಲಿ, ಹೋದ ವರ್ಷದ ಪ್ರದರ್ಶನಕ್ಕೆಂದು ನಾನೇ ಮೊಣಕಾಲೂರಿ, ಮನೆಯವರು ಊಟಕ್ಕೆ ಕರೆದರೂ ಏಳದೆ, ಎರಡು ಕೈ ಬಳಿದಿದ್ದ ಕಪ್ಪು ಎನಾಮಲ್ ಬಣ್ಣ ನುಣುಪಾಗಿ ಹೊಳೆಯುತ್ತಿತ್ತು.

ನಾನು ಒಳಗೆ ಹೋಗಿ, ಮಡದಿಯ ಹೊಲಿಗೆಯ ಡಬ್ಬಿಯಿಂದ ಗುಂಡುಸೂಜಿಯೊಂದನ್ನು ತಂದೆನು. ಬಣ್ಣ ಸುರುಳಿಸುರುಳಿಯಾಗಿ ಎದ್ದು ಬಂದಿತು.

“ಎಷ್ಟು ಹನಿ?”

“ಎರಡು ಸಾಕು. ಹೆಚ್ಚಾದರೆ ಕಮ್ಯುಟೇಟರಿಗೆ ಹೋಗುತ್ತದೆ,” ಎಂದರು ವೃದ್ಧರು.